ಬಿರುಕಲ್ಲ ಸಾರ್, ಅದು ಫಿನಿಷ್ಷು

ಟೈಲರ್ ಮಾಸ್ಟರರು ಒಳ್ಳೆಯ ಮನುಷ್ಯರು. ಉಳಿದ ಬಟ್ಟೆಯ ತುಂಡನ್ನು ಮಡಿಸಿ ಗಿರಾಕಿಗೇ ವಾಪಸು ಕೊಡುವವರು, ಯಾರ ಮೇಲೂ ದನಿ ಎತ್ತದವರು. ಅವರಲ್ಲಿದ್ದ ಕುಂದು ಒಂದೇ. ಮೂವತ್ತೊಂದು ವರ್ಷದ ಕಸುಬಿನಲ್ಲಿ ಒಂದು ದಿನವೂ ಅವರ ಬಾಯಿಂದ 'ತಪ್ಪಾಯಿತು' ಎಂಬ ಮಾತು ಹೊರಟಿರಲಿಲ್ಲ. ಇದನ್ನು ಅಹಂಕಾರವೆಂದು ಯಾರೂ ತಿಳಿಯಬಾರದು, ಅದು ನಾಲಿಗೆಗೆ ಅಂಟಿದ ಚಾಳಿ. ತೋಳು ಗಿಡ್ಡವಾಗಿದೆ ಎಂದು ಗಿರಾಕಿ ಹೇಳಿ ಮುಗಿಸುವಷ್ಟರಲ್ಲಿ "ಗಿಡ್ಡ ಅಲ್ಲ ಸಾರ್, ವಾಚು ಕಾಣಲಿ ಅಂತ ಬಿಟ್ಟಿದೀನಿ" ಎನ್ನುತ್ತಿದ್ದರು. ಕಾಲರು ಕತ್ತು ಒತ್ತುತ್ತಿದೆ ಎಂದರೆ "ಈಗ ನೋಡಿ, ತಲೆ ಹೇಗೆ ನೆಟ್ಟಗೆ ನಿಂತಿದೆ, ಆಫೀಸರ್ ಥರ ಕಾಣ್ತೀರಿ" ಎನ್ನುತ್ತಿದ್ದರು. ಗಿರಾಕಿಗಳು ಕನ್ನಡಿಯ ಮುಂದೆ ಎರಡು ಸಲ ತಿರುಗಿ, ಅನುಮಾನ ಪಡುತ್ತ ಒಳಗೆ ಬಂದವರು ಹೆಮ್ಮೆ ಪಡುತ್ತ ಹೊರಗೆ ಹೋಗುತ್ತಿದ್ದರು.

ಇಂಥ ಮಾಸ್ಟರರು ಐವತ್ತಾರನೆಯ ವಯಸ್ಸಿನಲ್ಲಿ ಮನೆ ಕಟ್ಟಿಸಿದರು. ಎರಡು ಕೋಣೆ, ನಡುಮನೆ, ಅಡುಗೆಮನೆ, ರಸ್ತೆಗೆ ಎದೆಕೊಟ್ಟು ನಿಂತ ಅಗಲವಾದ ಮುಂಗೋಡೆ, ಅದಕ್ಕೆ ತಿಳಿಹಳದಿ ಬಣ್ಣ. ಕಂಟ್ರಾಕ್ಟರು ಬೀಗದ ಕೈ ಕೊಡುವಾಗ ಒಂದು ಕಾಗದವನ್ನೂ ಕೊಟ್ಟಿದ್ದ. ಒಂದು ವರ್ಷದೊಳಗೆ ಹೊರಗೋಡೆಯ ಗಾರೆಯಲ್ಲಾಗಲಿ ಬಣ್ಣದಲ್ಲಾಗಲಿ ದೋಷ ಕಂಡುಬಂದು, ಮಾಲೀಕರು ಅದನ್ನು ಬರಹದಲ್ಲಿ ತಿಳಿಸಿದರೆ ಪೂರ್ತಿ ಕೆತ್ತಿ ಹೊಸದಾಗಿ ಮಾಡಿಕೊಡಲಾಗುವುದು. ವರ್ಷ ಕಳೆದ ಮೇಲೆ ಗೋಡೆಯದು ಮಾಲೀಕರ ಹಣೆಬರಹ. ಈ ಕೊನೆಯ ವಾಕ್ಯ ಕಾಗದದಲ್ಲಿರಲಿಲ್ಲ, ಮಾಸ್ಟರರ ಹೆಂಡತಿ ಅದನ್ನು ಓದಿ ತೆಗೆದ ಸಾರಾಂಶ.

ಹನ್ನೊಂದನೆಯ ತಿಂಗಳಲ್ಲಿ ಎರಡು ಜೋರು ಮಳೆ ಬಂದು, ಅದರ ಹಿಂದೆಯೇ ವಾರವಿಡೀ ಬಿಸಿಲು ಕಾಯಿತು. ಒಂದು ಬೆಳಿಗ್ಗೆ ಮಾಸ್ಟರರು ಕೊರಳಿಗೆ ಟೇಪು ಹಾಕಿಕೊಂಡು ಅಂಗಡಿಗೆ ಹೊರಟವರು ಗೇಟಿನ ಹತ್ತಿರ ತಿರುಗಿ ನೋಡಿದರೆ, ಮುಂಗೋಡೆಯ ತುಂಬ ಜೇಡರ ಬಲೆಯ ಹಾಗೆ ಬಿರುಕು. ಕಿಟಕಿಯ ಕೆಳಗೆ ಬಿಳಿಯ ಪುಡಿ ಉದ್ದಕ್ಕೆ ಹೊಮ್ಮಿತ್ತು. ಬಾಗಿಲ ಎಡಕ್ಕೆ ಒಂದು ಕಡೆ ಗಾರೆ ಊದಿಕೊಂಡು ಹೊಟ್ಟೆ ಬಿಟ್ಟಿತ್ತು.

"ರೀ, ಇವತ್ತೇ ಕಂಟ್ರಾಕ್ಟರಿಗೆ ಬರೆದುಕೊಡಿ," ಎಂದರು ಹೆಂಡತಿ, ಬಾಗಿಲಲ್ಲಿ ನಿಂತು. "ಇನ್ನು ಬರೀ ಇಪ್ಪತ್ತಾರು ದಿನ ಉಳಿದಿರೋದು."

"ಬರೀತೀನಿ ಕಣೇ. ಅದಕ್ಕೇನಂತೆ," ಎಂದರು ಮಾಸ್ಟರರು. ಬರೆಯುವ ಮನಸ್ಸು ನಿಜವಾಗಿಯೂ ಇತ್ತು.

ಆದರೆ ಅಷ್ಟರಲ್ಲಿ ಎದುರುಮನೆಯ ಮ್ಯಾನೇಜರು ರಸ್ತೆ ದಾಟಿ ಬಂದರು. ಬ್ಯಾಂಕಿನಿಂದ ನಿವೃತ್ತರಾಗಿ, ಈಗ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರಾಗಿರುವ ಅವರಿಗೆ ಪರರ ಮನೆಯ ಕೊರತೆ ದೂರದಿಂದಲೇ ಕಣ್ಣಿಗೆ ಬೀಳುತ್ತಿತ್ತು. ಅವರು ಕನ್ನಡಕ ಸರಿಮಾಡಿಕೊಂಡು, ಬಹಳ ಸಂಕಟದ ದನಿಯಲ್ಲಿ, "ಏನ್ ಮಾಸ್ಟ್ರೇ ಇದು! ಹೊಸಾ ಗೋಡೆ, ಆಗ್ಲೇ ಬಿರುಕು ಬಿಟ್ಟಿದೆಯಲ್ರೀ?" ಎಂದರು.

ಆ ಕ್ಷಣದಲ್ಲಿ ಮಾಸ್ಟರರು ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ಯೋಚಿಸಲಿಲ್ಲ. ಮೂವತ್ತೊಂದು ವರ್ಷ ಪಳಗಿದ ನಾಲಿಗೆ ತಾನಾಗಿ ಎದ್ದು ಕೂತಿತು.

"ಬಿರುಕಲ್ಲ ಸಾರ್, ಅದು ಫಿನಿಷ್ಷು."

"ಫಿನಿಷ್ಷಾ?"

"ಹೌದು. ಕೈಕೆಲಸ. ಮಿಷನ್ನಲ್ಲಿ ಬರೋದಲ್ಲ. ಒಂದು ಗೆರೆ ಇದ್ದ ಹಾಗೆ ಇನ್ನೊಂದಿಲ್ಲ, ಬೇಕಾದ್ರೆ ಹತ್ತಿರ ಬಂದು ನೋಡಿ."

ಮ್ಯಾನೇಜರು ಹತ್ತಿರ ಬಂದು ನೋಡಿದರು. ನಿಜ, ಒಂದು ಗೆರೆ ಇದ್ದ ಹಾಗೆ ಇನ್ನೊಂದಿರಲಿಲ್ಲ. "ಮತ್ತೆ ಈ ಬಿಳಿ?"

"ಅದು ಕಸೂತಿ."

"ಇಲ್ಲಿ ಉಬ್ಬಿದೆಯಲ್ಲ?"

"ಒಳಗೆ ಕ್ಯಾನ್ವಾಸು ಕೊಟ್ಟಿದೆ ಸಾರ್. ಕೋಟಿನ ಎದೆಗೆ ಕೊಡೋದಿಲ್ವೇ, ಹಾಗೆ. ಎಲ್ಲಾ ಕಡೆ ಚಪ್ಪಟೆ ಇದ್ದರೆ ಗೋಡೆಗೆ ಮೈಕಟ್ಟು ಎಲ್ಲಿಂದ ಬರಬೇಕು?"

ಮ್ಯಾನೇಜರು ಆ ಉಬ್ಬನ್ನು ಅಂಗೈಯಿಂದ ಸವರಿ ನೋಡಿದರು. ಆಮೇಲೆ ತಮ್ಮ ಮನೆಯ ಕಡೆ ತಿರುಗಿದರು. ಹನ್ನೆರಡು ವರ್ಷದ ಹಿಂದೆ ಕಟ್ಟಿಸಿದ ಅವರ ಮುಂಗೋಡೆಯ ಮೇಲೆ ಕೂದಲೆಳೆಯಷ್ಟು ಗೆರೆಯೂ ಇರಲಿಲ್ಲ. ಅದನ್ನು ಅವರು ಮೊಟ್ಟಮೊದಲ ಸಲ ನಾಚಿಕೆಯಿಂದ ನೋಡಿದರು. ಸಂಜೆ ಹೆಂಡತಿಯನ್ನು ಕರೆತಂದು ತೋರಿಸಿದರು. ಮಾರನೆಯ ದಿನ ಸಂಘದ ಕಾರ್ಯದರ್ಶಿಯನ್ನೂ ಖಜಾಂಚಿಯನ್ನೂ ಕರೆತಂದು, ಕ್ಯಾನ್ವಾಸು ಎಲ್ಲಿದೆ, ಕಸೂತಿ ಎಲ್ಲಿದೆ ಎಂದು ಬೆರಳಿಟ್ಟು ವಿವರಿಸಿದರು. ಮಾಸ್ಟರರಿಗೆ ಹೊಸದಾಗಿ ಸುಳ್ಳು ಹೇಳುವ ತೊಂದರೆಯೇ ಇರಲಿಲ್ಲ. ಹೇಳಿದ್ದನ್ನು ಬೇರೆಯವರೇ ಚೆನ್ನಾಗಿ ಬೆಳೆಸುತ್ತಿದ್ದರು.

ಮೂರನೆಯ ದಿನ ಷಡ್ಡಕ ಬಂದ. ಅಂದರೆ ಮಾಸ್ಟರರ ಹೆಂಡತಿಯ ತಂಗಿಯ ಗಂಡ, ಪಾತ್ರೆ ಅಂಗಡಿಯವನು. ತನ್ನ ಮನೆಯ ಮುಂಗೋಡೆಗೆ ಮಿರಿಮಿರಿ ಮಿಂಚುವ ಟೈಲ್ಸು ಹಾಕಿಸಿ, ಅದರಲ್ಲಿ ಮುಖ ನೋಡಿ ಮೀಸೆ ತಿದ್ದಿಕೊಳ್ಳಬಹುದೆಂದು ಊರೆಲ್ಲ ಹೇಳಿಕೊಂಡು ತಿರುಗಿದವನು. ಅವನು ಗೋಡೆಯ ಮುಂದೆ ನಿಂತು ತುಟಿ ಕಚ್ಚಿಕೊಂಡ.

"ಭಾವ, ಇಂಥದ್ದೊಂದು ಇದೆ ಅಂತ ನಂಗೆ ಒಂದು ಮಾತು ಹೇಳಬಾರದಿತ್ತಾ? ಹೊರಗಿನವರಿಂದ ಕೇಳಿ ಬರಬೇಕಾಯ್ತು."

"ನಿಮ್ಮ ಟೈಲ್ಸು ಚೆನ್ನಾಗೇ ಇದೆಯಲ್ಲಪ್ಪ," ಎಂದರು ಮಾಸ್ಟರರು.

"ಟೈಲ್ಸು ಎಲ್ಲರ ಮನೇಲೂ ಇದೆ. ಬಚ್ಚಲುಮನೇಲೂ ಇದೆ," ಎಂದು ಷಡ್ಡಕ ಮುಖ ಊದಿಸಿಕೊಂಡು ಹೋದ. ಮಾಸ್ಟರರಿಗೆ ಆ ದಿನ ಒಂದು ಚಪಾತಿಯಷ್ಟು ಹಸಿವು ಹೆಚ್ಚಾಯಿತು. ಅದನ್ನು ಸಂತೋಷವೆಂದು ಅವರು ಒಪ್ಪಿಕೊಳ್ಳದಿದ್ದರೂ ನಾವು ಹೇಳಲೇಬೇಕು.

ಹೊರಗೆ ಹೀಗೆ ಕೀರ್ತಿ ಹರಡುತ್ತಿದ್ದಾಗ ಒಳಗೆ ತೇವ ಹರಡುತ್ತಿತ್ತು. ಮತ್ತೆ ಮಳೆ ಬಂತು. ಬಿರುಕುಗಳು ಕುಡಿದ ನೀರೆಲ್ಲ ಮಲಗುವ ಕೋಣೆಯ ಗೋಡೆಯಲ್ಲಿ, ಬೀರುವಿನ ಹಿಂದೆ, ದೊಡ್ಡ ಕಲೆಯಾಗಿ ಕಾಣಿಸಿಕೊಂಡಿತು. ಒಂದು ದಿನ ಹೆಂಡತಿ ಬೀರು ತೆರೆದು ತಮ್ಮ ತಾಯಿ ಕೊಟ್ಟಿದ್ದ ಉಣ್ಣೆ ಶಾಲನ್ನು ಹೊರಗೆ ತೆಗೆದರು. ಅದು ಬೂಷ್ಟು ಹಿಡಿದು ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ಅವರು ಅದನ್ನು ತಂದು ಗಂಡನ ತೊಡೆಯ ಮೇಲೆ ಇಟ್ಟರು.

"ಇದೂ ಫಿನಿಷ್ಷಾ?"

ಮಾಸ್ಟರರು ಶಾಲನ್ನು ಮಡಿಸಲು ನೋಡಿದರು, ಅದು ಮಡಿಯಲಿಲ್ಲ.

"ಇನ್ನು ಒಂಬತ್ತೇ ದಿನ. ಆಮೇಲೆ ಈ ಮನೇಲಿ ನೀವು, ನಿಮ್ಮ ಕಸೂತಿ, ನಿಮ್ಮ ಕ್ಯಾನ್ವಾಸು ಇರಿ. ನಾನು ತಂಗಿ ಮನೆಗೆ ಹೋಗ್ತೀನಿ. ಟೈಲ್ಸಿನ ಮನೆ. ಒಣಗಿರುತ್ತೆ."

ಈ ಮಾತು ಮಾಸ್ಟರರ ಎದೆಗೆ ಸೂಜಿಯ ಹಾಗೆ ನಾಟಿತು. ಮೂವತ್ತೊಂದು ವರ್ಷ ಕಾಲಿನಿಂದ ಮಿಷನ್ ತುಳಿದು ಕಟ್ಟಿಸಿದ ಮನೆ. ಅದು ಒಳಗಿನಿಂದ ನೆನೆದು ಹೋಗುತ್ತಿದೆ, ಅದನ್ನು ಉಳಿಸಲು ಬೇಕಾಗಿರುವುದು ಒಂದು ಸಾಲಿನ ಬರಹ. ಆ ಒಂದು ಸಾಲು ಬರೆಯಲು ಅವರ ಕೈ ಏಳುತ್ತಿರಲಿಲ್ಲ. ಆದರೂ ಅಂದೇ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಕಂಟ್ರಾಕ್ಟರನ ಆಫೀಸಿಗೆ ಹೋದರು.

ಅವರನ್ನು ಕಂಡೊಡನೆ ಕಂಟ್ರಾಕ್ಟರು ಕುರ್ಚಿ ಬಿಟ್ಟು ಎದ್ದುಬಂದು ಎರಡೂ ಕೈ ಹಿಡಿದುಕೊಂಡ. "ಬನ್ನಿ ಮಾಸ್ಟ್ರೇ, ಬನ್ನಿ! ನಿಮ್ಮಿಂದ ನಾನು ಉದ್ಧಾರ ಆದೆ. ನಿಮ್ಮ ಗೋಡೆ ನೋಡಿ ಮೂರು ಜನ ಹೇಳಿಕಳಿಸಿದ್ದಾರೆ, ಅದೇ ಫಿನಿಷ್ಷು ಬೇಕಂತೆ. ನಿಮ್ಮ ಎದುರುಮನೆ ಮ್ಯಾನೇಜರು, ನಿಮ್ಮ ಷಡ್ಡಕರು, ಹಿಂದಿನ ರಸ್ತೆಯ ಡಾಕ್ಟರು."

"ಅದರ ವಿಷಯಾನೇ ಮಾತಾಡೋಣ ಅಂತ..."

"ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ಅದು ಹೇಗೆ ಬಂತು ಅಂತ ನಂಗೇ ಗೊತ್ತಿಲ್ಲ, ಮಾಸ್ಟ್ರೇ!" ಕಂಟ್ರಾಕ್ಟರು ಅವರನ್ನು ಹಿತ್ತಲಿಗೆ ಎಳೆದುಕೊಂಡು ಹೋದ. ಅಲ್ಲಿ ಒಂದು ಉದ್ದನೆಯ ಗೋಡೆಯ ಮೇಲೆ ಐದು ಚೌಕ ಗಾರೆ ಬಳಿದಿತ್ತು. "ನೋಡಿ. ಇದಕ್ಕೆ ಮರಳು ಜಾಸ್ತಿ ಹಾಕ್ದೆ, ಇದಕ್ಕೆ ಸಿಮೆಂಟು ಜಾಸ್ತಿ ಹಾಕ್ದೆ. ಇದಕ್ಕೆ ಒಂದು ತೊಟ್ಟು ನೀರು ಉಣಿಸದೆ ಬಿಸಿಲಿಗೆ ಬಿಟ್ಟೆ. ಒಂದಾದರೂ ಬಿರುಕು ಬಿಡಲಿ ನೋಡೋಣ! ಹದಿನೆಂಟು ವರ್ಷದ ಕಸುಬಿನಲ್ಲಿ ಬೇಡಬೇಡ ಅಂದ್ರೂ ಬಿಡ್ತಿತ್ತು, ಈಗ ಬೇಕು ಅಂದಾಗ ಕಲ್ಲಿನ ಹಾಗೆ ಕೂತಿದೆ."

ಮಾಸ್ಟರರು ಆ ಐದು ಚೌಕಗಳನ್ನೂ ಅಸೂಯೆಯಿಂದ ನೋಡಿದರು. ಆಮೇಲೆ ಧೈರ್ಯ ಮಾಡಿ, "ನಮ್ಮನೇದನ್ನ ಕೆತ್ತಿ ಹೊಸದಾಗಿ ಮಾಡಿಕೊಡಬೇಕಲ್ಲಾ," ಎಂದರು. "ನೋಡಿ ನೋಡಿ ಬೇಜಾರಾಗಿದೆ."

"ಬೇಜಾರಿಗೆ ಕಾಗದದಲ್ಲಿ ಜಾಗ ಇಲ್ಲ, ಮಾಸ್ಟ್ರೇ. ದೋಷಕ್ಕೆ ಇದೆ." ಕಂಟ್ರಾಕ್ಟರನ ಮುಖದಲ್ಲಿ ಹಿಂದಿನ ಉತ್ಸಾಹ ಇಳಿದು, ಕಸುಬಿನ ಜಾಣತನ ಕಾಣಿಸಿಕೊಂಡಿತು. "ದೋಷ ಅಂತ ಬರೆದುಕೊಡಿ, ನಾಳೆನೇ ಆಳು ಕಳಿಸ್ತೀನಿ. ಆದ್ರೆ ಆ ಮೂರು ಜನಕ್ಕೆ ಮೊದಲು ನೀವೇ ಹೇಳಬೇಕು, 'ನಾನು ಇಷ್ಟು ದಿನ ಹೇಳಿದ್ದು ಸುಳ್ಳು' ಅಂತ. ಏನಂತೀರಿ?"

ಮಾಸ್ಟರರು ಟೇಪು ಸುತ್ತಿಕೊಂಡು ವಾಪಸು ಬಂದರು. ಆಮೇಲಿನ ಒಂದು ವಾರ ಅವರು ದಿನಾ ಬೆಳಿಗ್ಗೆ ಬರೆಯಲು ಕೂರುವುದು, 'ಮಾನ್ಯರೇ' ಎಂದು ಬರೆದು ನಿಲ್ಲಿಸುವುದು. ಹಾಗೆ ಏಳು 'ಮಾನ್ಯರೇ' ಮೇಜಿನ ಖಾನೆಯಲ್ಲಿ ಸೇರಿದವು.

ಇನ್ನು ಎರಡು ದಿನ ಉಳಿದಿದೆ ಎನ್ನುವಾಗ ಬೆಳಿಗ್ಗೆ ಹತ್ತೂವರೆಗೆ ಪುರಸಭೆಯ ಎಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದಿಳಿದರು. ಅವರನ್ನು ಕರೆಸಿದವರು ಮ್ಯಾನೇಜರು. ಪುರಸಭೆಯವರು ಆ ವರ್ಷ ಬಡಾವಣೆಗೊಂದರಂತೆ 'ಅಂದದ ಮುಂಗೋಡೆ' ಪ್ರಶಸ್ತಿ ಕೊಡುವವರಿದ್ದರು, ಸಂಘದ ಪರವಾಗಿ ಮ್ಯಾನೇಜರು ಮಾಸ್ಟರರ ಗೋಡೆಯನ್ನು ಸೂಚಿಸಿದ್ದರು. ಗೇಟಿನ ಮುಂದೆ ಅರ್ಧ ಬೀದಿ ಸೇರಿತು. ಷಡ್ಡಕ ಹೊಟ್ಟೆಕಿಚ್ಚು ತಡೆಯಲಾರದೆ ಅಂಗಡಿ ಬಿಟ್ಟು ಬಂದಿದ್ದ. ಕಂಟ್ರಾಕ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ.

ಸಾಹೇಬರು ಫೈಲು ಬಿಚ್ಚಿ, ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದರು. ಡೊಬ್ ಡೊಬ್ ಎಂದಿತು.

"ಟೊಳ್ಳು ಸದ್ದು ಬರ್ತಿದೆಯಲ್ರೀ?"

"ಹಗುರ ಇರಲಿ ಅಂತ ಸಾರ್," ಎಂದಿತು ಮಾಸ್ಟರರ ನಾಲಿಗೆ. ಮಾಸ್ಟರರೇ ಅದನ್ನು ಕೇಳಿ ಬೆಚ್ಚಿದರು.

ಸಾಹೇಬರು 'ಹಗುರ' ಎಂದು ಬರೆದುಕೊಂಡರು. ಒಂದೊಂದೇ ಕಾಲಂ ತುಂಬಿ, ಕೊನೆಗೆ ಫಾರಂ ಅನ್ನು ಮಾಸ್ಟರರ ಮುಂದೆ ಹಿಡಿದರು. "ಎಂಟನೇ ಕಾಲಂ ಓದಿ ಸಹಿ ಹಾಕಿ. 'ಈ ಗೋಡೆಯಲ್ಲಿ ಕಾಣುವ ಎಲ್ಲ ಲಕ್ಷಣಗಳೂ ಮಾಲೀಕರ ಇಚ್ಛೆಯಂತೆ ಮಾಡಿಸಿದವು, ಇದರಲ್ಲಿ ಯಾವುದೇ ದೋಷವಿರುವುದಿಲ್ಲ.' ಇಷ್ಟೇ."

ಕಂಟ್ರಾಕ್ಟರು ಬಹಳ ವಿನಯದಿಂದ ಪೆನ್ನು ಮುಂದೆ ಚಾಚಿದ. ಆ ಸಹಿ ಬಿದ್ದರೆ ತನ್ನ ಒಂದು ವರ್ಷದ ಕಾಗದ ಎರಡು ದಿನ ಮೊದಲೇ ರದ್ದಿಗೆ ಹೋಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಮಾಸ್ಟರರಿಗೂ ಗೊತ್ತಿತ್ತು. ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಹೆಂಡತಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು.

ಮಾಸ್ಟರರು ಪೆನ್ನು ತೆಗೆದುಕೊಂಡರು. ಅದೇ ಹೊತ್ತಿಗೆ ಎದುರುಮನೆಯಿಂದ ಠಣ್ ಎಂದು ಸದ್ದು ಬಂತು. ತಿರುಗಿ ನೋಡಿದರೆ ಗಾರೆ ಕೆಲಸದ ಮೇಸ್ತ್ರಿ ಏಣಿ ಹತ್ತಿ, ಮ್ಯಾನೇಜರ ಮುಂಗೋಡೆಗೆ ಉಳಿ ಇಟ್ಟು ಸುತ್ತಿಗೆ ಬೀಸುತ್ತಿದ್ದ.

"ಏನದು ಸಾರ್?" ಎಂದರು ಮಾಸ್ಟರರು.

"ಇವತ್ತಿಂದ ಶುರು," ಎಂದರು ಮ್ಯಾನೇಜರು, ಹೊಸ ಬಟ್ಟೆ ಹೊಲಿಯಲು ಕೊಟ್ಟವರ ಉಲ್ಲಾಸದಲ್ಲಿ. "ಹಳೇ ಗಾರೆ ಪೂರ್ತಿ ಕೆತ್ತಿಸಿ ನಿಮ್ಮ ಥರಾನೇ ಮಾಡಿಸ್ತಿದೀನಿ."

ಠಣ್. ಠಣ್. ಮೇಸ್ತ್ರಿ ಏಣಿಯ ಮೇಲಿಂದ ಕೂಗಿದ. "ಸಾರ್, ಉಳಿ ಮೊಂಡಾಗ್ತಿದೆ! ಇಷ್ಟು ಗಟ್ಟಿ ಗಾರೆ ನಾನು ಈ ಜನ್ಮದಲ್ಲಿ ನೋಡಿಲ್ಲ. ನಿಜವಾಗ್ಲೂ ಕೆತ್ತಲಾ?"

"ಕೆತ್ತಪ್ಪ, ಕೆತ್ತು!"

ತಮ್ಮ ಗೋಡೆ ನೆನೆದಾಗ ಬಾರದ ಮಾತು ಮಾಸ್ಟರರಿಗೆ ಆಗ ಬಂತು. ಕತ್ತರಿ ತಪ್ಪಿ ಒಳ್ಳೆಯ ಬಟ್ಟೆಗೆ ಬೀಳುವುದನ್ನು ಕಂಡರೆ ಯಾವ ಟೈಲರಿಗೂ ಸುಮ್ಮನಿರಲಾಗದು. ಅವರು ಪೆನ್ನು ಎಸೆದು ಕೂಗಿದರು.

"ನಿಲ್ಸಪ್ಪಾ! ಕೆತ್ತಬೇಡ! ಸಾರ್, ನಮ್ಮದು ಫಿನಿಷ್ಷಲ್ಲ, ಬಿರುಕು. ಕಸೂತಿ ಅಲ್ಲ, ಉಪ್ಪು. ಕ್ಯಾನ್ವಾಸು ಇಲ್ಲ, ಒಳಗೆ ಗಾಳಿ. ನಾನು ಹೇಳಿದ್ದೆಲ್ಲಾ ಸುಳ್ಳು. ತಪ್ಪಾಯ್ತು!"

ಮೂವತ್ತೊಂದು ವರ್ಷಕ್ಕೆ ಮೊದಲ ಸಲ ಹೊರಟ ಮಾತು. ಏನಾಗುವುದೋ ಎಂದು ಮಾಸ್ಟರರು ಕಣ್ಣುಮುಚ್ಚಿ ನಿಂತರು. ಆದದ್ದು ಮಾತ್ರ ಅವರು ಕನಸಿನಲ್ಲೂ ಎಣಿಸದ್ದು. ಯಾರೂ ನಂಬಲಿಲ್ಲ.

"ನೋಡಿದ್ರಾ ವಿನಯ!" ಎಂದರು ಮ್ಯಾನೇಜರು ಸಾಹೇಬರ ಕಡೆ ತಿರುಗಿ. "ಪ್ರಶಸ್ತಿ ಕೈಗೆ ಬರುವಾಗ ಹಿಂದೆ ಸರೀತಾರೆ. ಇಂಥವರು ಎಲ್ಲಿ ಸಿಗ್ತಾರೆ?"

"ವಿನಯ ಅಲ್ಲ ಸ್ವಾಮಿ," ಎಂದ ಷಡ್ಡಕ. "ನಮ್ಮನೆಗೆ ಆ ಫಿನಿಷ್ಷು ಬರಬಾರದು ಅನ್ನೋ ಹುನ್ನಾರ. ಭಾವ, ನೀವು ಇಷ್ಟು ಸಣ್ಣ ಮನಸ್ಸಿನವರು ಅಂತ ತಿಳಿದಿರಲಿಲ್ಲ."

ಕಂಟ್ರಾಕ್ಟರು ಆಕಾಶದಲ್ಲಿ ಏನೋ ಹುಡುಕುತ್ತಿದ್ದ. ಸಾಹೇಬರು ವಾಚು ನೋಡಿಕೊಂಡು, "ಎಂಟನೇ ಕಾಲಂಗೆ ಏನು ಬರೀಲಿ, ಬೇಗ ಹೇಳಿ," ಎಂದರು.

ಮಾಸ್ಟರರು ಬೇರೆ ದಾರಿ ಕಾಣದೆ ಗೋಡೆಯ ಹೊಟ್ಟೆಗೆ ಹೆಬ್ಬೆರಳಿಟ್ಟು ಒತ್ತಿದರು. ತಟ್ಟೆಯಗಲದ ಗಾರೆ ಬಿಡಿಸಿಕೊಂಡು ಅವರ ಅಂಗೈಗೆ ಬಂತು. "ನೋಡಿ! ಈಗಲಾದ್ರೂ ನೋಡಿ!"

"ಅರೆರೆ!" ಎಂದರು ಸಂಘದ ಖಜಾಂಚಿ. "ಬೇಕಾದಾಗ ತೆಗೆದು ಹಾಕೋ ಹಾಗೂ ಮಾಡಿದ್ದಾರಲ್ರೀ!"

ಯಾರೋ ಚಪ್ಪಾಳೆ ತಟ್ಟಿದರು. ಎದುರಿನಿಂದ ಮತ್ತೆ ಠಣ್ ಎಂದಿತು. ಮಾಸ್ಟರರು ಗಾರೆಯ ತುಂಡನ್ನು ಕೆಳಗೆ ಹಾಕಿ, ಮ್ಯಾನೇಜರ ಮುಂಗೈ ಹಿಡಿದು, ಅವರು "ಏನ್ರೀ, ಎಲ್ಲಿಗ್ರೀ" ಎನ್ನುತ್ತಿದ್ದ ಹಾಗೆಯೇ ದರದರ ಮನೆಯೊಳಗೆ ಎಳೆದುಕೊಂಡು ಹೋದರು. ಹಿಂದೆ ಸಾಹೇಬರು ಫೈಲಿನೊಂದಿಗೆ, ಅವರ ಹಿಂದೆ ಷಡ್ಡಕ, ಅವನ ಹಿಂದೆ ಅರ್ಧ ಬೀದಿ.

"ರೀ, ಮಲಗೋ ಕೋಣೆ ಕಣ್ರೀ ಅದು! ಹಾಸಿಗೆನೂ ಸುತ್ತಿಲ್ಲ!" ಎಂದು ಹೆಂಡತಿ ಅಡ್ಡ ಬಂದರು. ಆದರೆ ಗಂಡನ ಮುಖ ನೋಡಿದ ಮೇಲೆ ಅವರು ದಾರಿ ಬಿಟ್ಟರು. ದಾರಿ ಬಿಟ್ಟದ್ದಷ್ಟೇ ಅಲ್ಲ, ಸೆರಗು ಸಿಕ್ಕಿಸಿಕೊಂಡು ಬೀರುವಿಗೆ ತಾವೇ ಭುಜ ಕೊಟ್ಟು ಪಕ್ಕಕ್ಕೆ ತಳ್ಳಿದರು. ಹಿಂದೆ ಗೋಡೆ ಕಪ್ಪಗೆ, ಹಸಿರಾಗಿ, ಬೆವರುತ್ತ ನಿಂತಿತ್ತು. ಮಾಸ್ಟರರು ಮ್ಯಾನೇಜರ ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿದರು.

ಮ್ಯಾನೇಜರು ಕೈ ತೆಗೆದು ನೋಡಿಕೊಂಡರು. ಅಂಗೈ ಒದ್ದೆಯಾಗಿತ್ತು, ಬೆರಳ ಸಂದಿಯಲ್ಲಿ ಬೂಷ್ಟು ಹತ್ತಿತ್ತು. ಅವರು ಅದನ್ನು ಮೂಸಿ ನೋಡಿದರು. ಎರಡನೆಯ ಸಲ ಮೂಸಲಿಲ್ಲ.

"ಅಯ್ಯೋ ನನ್ನ ಗೋಡೆ!" ಎಂದವರೇ ಗುಂಪನ್ನು ಸೀಳಿಕೊಂಡು ಹೊರಗೆ ಓಡಿದರು. ನಿವೃತ್ತರಾದ ಮೇಲೆ ಅವರು ಓಡಿದ್ದನ್ನು ಕಂಡವರು ಅದುವರೆಗೆ ಯಾರೂ ಇರಲಿಲ್ಲ.

ಸಾಹೇಬರು ನಿಧಾನವಾಗಿ ಎಂಟನೆಯ ಕಾಲಂ ಹೊಡೆದುಹಾಕಿ, 'ಗೋಡೆ ದೋಷಪೂರ್ಣ, ಮಾಲೀಕರೇ ಹೇಳಿರುತ್ತಾರೆ' ಎಂದು ಬರೆದು, ಮಾಸ್ಟರರ ಸಹಿ ಪಡೆದು, ತಾರೀಕು ಹಾಕಿ ಸೀಲು ಒತ್ತಿದರು. ಮಾಸ್ಟರರ ಹೆಂಡತಿ ಒಂದು ಪ್ರತಿ ಕೇಳಿ ಪಡೆದು ಕಂಟ್ರಾಕ್ಟರನ ಕೈಗೆ ಇಟ್ಟರು. "ಬರಹದಲ್ಲಿ ಬೇಕು ಅಂದಿದ್ರಲ್ಲ. ತಗೊಳ್ಳಿ. ಇನ್ನೂ ಎರಡು ದಿನ ಬಾಕಿ ಇದೆ." ಕಂಟ್ರಾಕ್ಟರಿಗೆ ಆಕಾಶದಲ್ಲಿ ನೋಡುವುದಕ್ಕೆ ಏನೂ ಉಳಿಯಲಿಲ್ಲ.

ಮುಂದಿನ ವಾರ ಗೋಡೆಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿದರು. ಹೊಸ ಗಾರೆ ಬಂತು. ಹೆಂಡತಿ ಯಾರನ್ನೂ ನಂಬದೆ ಹತ್ತು ದಿನ ಬೆಳಿಗ್ಗೆ ಸಂಜೆ ತಾವೇ ಪೈಪು ಹಿಡಿದು ನೀರುಣಿಸಿದರು. ಗೋಡೆ ನುಣ್ಣಗೆ, ಚಪ್ಪಟೆಯಾಗಿ, ನೋಡಿದವರಿಗೆ ಏನೂ ಹೇಳಲು ತೋಚದ ಹಾಗೆ ಎದ್ದು ನಿಂತಿತು. ಬೀರುವಿನ ಹಿಂದೆ ಒಣಗಿತು. ತಂಗಿಯ ಮನೆಗೆ ಹೋಗುವ ಮಾತು ಮತ್ತೆ ಬರಲಿಲ್ಲ. ಮ್ಯಾನೇಜರ ಗೋಡೆಯ ಏಳು ಉಳಿಪೆಟ್ಟಿಗೂ ಮೇಸ್ತ್ರಿ ತೇಪೆ ಹಾಕಿಕೊಟ್ಟ.

ಒಂದು ಸೋಮವಾರ ಮಾಸ್ಟರರು ಅಂಗಡಿಯ ಬಾಗಿಲು ತೆಗೆಯುವಾಗ ಹೊರಗೆ ಹತ್ತು ಹನ್ನೆರಡು ಜನ ಕಾದಿದ್ದರು. ಎಲ್ಲರ ಕೈಯಲ್ಲೂ ಬಟ್ಟೆಯ ಗಂಟು. ಮಾಸ್ಟರರು ತಪ್ಪು ಒಪ್ಪಿಕೊಳ್ಳಲು ಶುರುಮಾಡಿದ್ದಾರೆ ಎಂಬ ಸುದ್ದಿ ಊರಿಗೆ ಮುಟ್ಟಿತ್ತು. ಸಾಲಿನ ಮೊದಲಲ್ಲಿ ನಿಂತಿದ್ದವರು ಮ್ಯಾನೇಜರು, ಒಂದು ಬೂದುಬಣ್ಣದ ಕೋಟು ಹಿಡಿದುಕೊಂಡು.

"ಇದು ಆರು ವರ್ಷದ ಹಿಂದೆ ನೀವು ಹೊಲಿದದ್ದು. ಎಡಗಡೆ ಭುಜ ಒಂದು ಬೆರಳು ಇಳಿದಿದೆ. ಆಗ ಏನೋ ಹೇಳಿ ಕಳಿಸಿದ್ರಿ. ಈಗ ನಿಜ ಹೇಳಿ."

ಮಾಸ್ಟರರು ಕೋಟನ್ನು ಮೇಜಿನ ಮೇಲೆ ಹರಡಿ ಟೇಪು ಹಿಡಿದರು. ಎಡಭುಜ ಅಳೆದರು, ಬಲಭುಜ ಅಳೆದರು. ಅನುಮಾನ ಬಂದು ಮತ್ತೊಮ್ಮೆ ಅಳೆದರು. ಎರಡೂ ಸಮ, ನೂಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆಮೇಲೆ ಮ್ಯಾನೇಜರನ್ನು ನಿಲ್ಲಿಸಿ ಅಳೆದರು. ಕೋಟು ಸರಿಯಾಗಿಯೇ ಇತ್ತು. ಮೂವತ್ತು ವರ್ಷ ಲೆಡ್ಜರಿನ ಮೇಲೆ ಬಾಗಿ ಮ್ಯಾನೇಜರ ಎಡಭುಜವೇ ಒಂದು ಬೆರಳು ಇಳಿದಿತ್ತು.

"ಸಾರ್, ಕೋಟಲ್ಲಿ ತಪ್ಪಿಲ್ಲ," ಎಂದರು ಮಾಸ್ಟರರು. ಇದು ಅವರು ಜೀವನದಲ್ಲೇ ಮೊದಲ ಸಲ ಅಳೆದು ನೋಡಿ ಹೇಳಿದ ಮಾತು. "ನಿಮ್ಮ ಭುಜವೇ..."

"ಮತ್ತೆ ಶುರು ಮಾಡಿದ್ರಾ?" ಎಂದರು ಮ್ಯಾನೇಜರು. ಸಾಲಿನಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಬಿರುಕಿಗೆ ಫಿನಿಷ್ಷು ಅಂದ್ರಿ. ಈಗ ಕೋಟು ಸರಿ, ನಾನೇ ಸೊಟ್ಟ ಅಂತೀರಾ?"

ಮಾಸ್ಟರರು ಬಾಯಿ ತೆರೆದರು. ಸಾಲಿನ ಕೊನೆಯವರೆಗೂ ಒಮ್ಮೆ ನೋಡಿದರು, ಅಷ್ಟೂ ಜನ ಗಂಟು ಹಿಡಿದು ಕಾಯುತ್ತಿದ್ದರು. ಅವರು ಕೋಟನ್ನು ಮಡಿಸಿ ಪಕ್ಕಕ್ಕಿಟ್ಟುಕೊಂಡರು.

"ತಪ್ಪಾಯ್ತು ಸಾರ್. ಗುರುವಾರ ಬನ್ನಿ, ಸರಿಮಾಡಿ ಕೊಡ್ತೀನಿ."

"ಹಾಗೆ ಹೇಳಿ ಮತ್ತೆ!" ಎಂದು ಮ್ಯಾನೇಜರು ಸಂತೃಪ್ತರಾಗಿ, ಎಡಭುಜ ಇಳಿಬಿಟ್ಟುಕೊಂಡು ಮೆಟ್ಟಿಲಿಳಿದು ಹೋದರು.